ಶಾಸಕರೇ, ಒಂದು ಶನಿವಾರ ಸಂಜೆ ನಮ್ಮ ಜೊತೆ ಮಾರ್ಕೆಟ್‌ಗೆ ಬನ್ನಿ

ಮಾನ್ಯ ಶಾಸಕರಿಗೆ,

ನಮಸ್ಕಾರ. ನಾವು ಮೈಸೂರಿನ ಒಂದಷ್ಟು ಜನ ಸೇರಿ ಈಚೆಗೆ ನಗರದ ನಡುಭಾಗದಲ್ಲಿ ಒಂದು ನಡಿಗೆ ಮಾಡಿದೆವು. ಬ್ಯಾನರ್ ಹಿಡಿದು ಘೋಷಣೆ ಕೂಗುವ ಜಾಥಾ ಅಲ್ಲ. ಕೈಯಲ್ಲಿ ಅಳತೆ ಟೇಪು, ಸೀಮೆಸುಣ್ಣ, ಫೋನಿನಲ್ಲಿ ಇಳಿಜಾರು ಅಳೆಯುವ ಆ್ಯಪ್, ಅಷ್ಟೆ. ಸಿಟಿ ಬಸ್ ನಿಲ್ದಾಣದಿಂದ ಹೊರಟು ಕೆ.ಆರ್. ವೃತ್ತ, ಚಿಕ್ಕಗಡಿಯಾರ, ದೇವರಾಜ ಮಾರುಕಟ್ಟೆ, ಸಯ್ಯಾಜಿರಾವ್ ರಸ್ತೆ, ಆಮೇಲೆ ಪುರಭವನದ ಕಡೆ. ತಂಡದಲ್ಲಿ ಗಾಲಿಕುರ್ಚಿಯಲ್ಲಿ ಓಡಾಡುವ ಒಬ್ಬ ಅಕ್ಕ ಇದ್ದರು. ಕಣ್ಣು ಕಾಣದ ಒಬ್ಬ ಮೇಷ್ಟ್ರು, ಕಿವಿ ಕೇಳದ ಒಬ್ಬ ಹುಡುಗ, ಆಟಿಸಂ ಇರುವ ಮಗನನ್ನು ಕರೆದುಕೊಂಡು ಬಂದ ಒಬ್ಬ ತಾಯಿ ಇದ್ದರು. ನಾನು ಚಿಕ್ಕಂದಿನಲ್ಲಿ ಪೋಲಿಯೋ ಆಗಿ ಕ್ಯಾಲಿಪರ್, ಅಂದರೆ ಕಾಲಿಗೆ ಆಧಾರವಾಗಿ ಕಟ್ಟುವ ಪಟ್ಟಿ, ಹಾಕಿಕೊಂಡು ನಡೆಯುವವನು. ಅಳತೆ ಹಿಡಿಯಲು, ಬರೆದುಕೊಳ್ಳಲು ಎಂಜಿನಿಯರಿಂಗ್ ಓದುವ ಮಕ್ಕಳು ಬಂದಿದ್ದರು.

ಇದನ್ನು ನಿಮಗೇ ಯಾಕೆ ಬರೆಯುತ್ತಿದ್ದೇವೆ ಎಂದರೆ, ಬೇರೆ ಯಾರಿಗೆ ಬರೆದರೂ ಅರ್ಧ ಉತ್ತರವಷ್ಟೇ ಸಿಗುತ್ತದೆ. ಫುಟ್‌ಪಾತ್ ಒಬ್ಬರದು, ಅದರ ಮೇಲಿನ ಕಂಬ ಇನ್ನೊಬ್ಬರದು, ಕೆಳಗಿನ ನೀರಿನ ಪೈಪು ಮತ್ತೊಬ್ಬರದು. ಸಿಗ್ನಲ್ ಪೊಲೀಸರಿಗೆ ಸೇರಿದ್ದು, ಬಸ್ಸು ಸಾರಿಗೆ ನಿಗಮದ್ದು, ಅಂಗಡಿ ಮೆಟ್ಟಿಲು ಮಾಲೀಕನದು. ಪಾಲಿಕೆಗೆ ಚುನಾವಣೆ ನಡೆದದ್ದು 2018ರಲ್ಲಿ. ಆ ಸದಸ್ಯರ ಅವಧಿ 2023ರ ನವೆಂಬರ್‌ಗೇ ಮುಗಿಯಿತು. ಹಾಗಾಗಿ ಇವರೆಲ್ಲರನ್ನೂ ಒಂದೇ ದಿನ ಒಂದೇ ಜಾಗಕ್ಕೆ ಕರೆಸುವ ಶಕ್ತಿ ಇರುವುದು ನಿಮಗೆ. ನಮಗೆ ಬೇಕಿರುವುದೂ ಅದೇ.

ಮೊದಲು ನಡೆಯುವ ದಾರಿಯ ವಿಷಯ. ಕೇಂದ್ರ ಸರ್ಕಾರದ 2021ರ ಮಾರ್ಗಸೂಚಿ ಪ್ರಕಾರ ಫುಟ್‌ಪಾತಿನಲ್ಲಿ ಅಡ್ಡಿಯಿಲ್ಲದೆ 1.8 ಮೀಟರ್ ಜಾಗ ಸಿಗಬೇಕು. ರಸ್ತೆಯಿಂದ ಅದರ ಎತ್ತರ 150 ಮಿಲಿಮೀಟರ್ ದಾಟಬಾರದು, ಅಂದರೆ ಅರ್ಧ ಅಡಿ. ನಾವು ಅಳೆದ ಹಲವು ಕಡೆ ಎತ್ತರ ಇದಕ್ಕಿಂತ ಜಾಸ್ತಿಯೇ ಇತ್ತು. ಕೆಲವು ಕಡೆ ಅಡಿ ಹತ್ತಿರ. ಕ್ಯಾಲಿಪರ್ ಹಾಕಿದ ಕಾಲಿಗೆ ಮಂಡಿ ಮಡಿಸಲು ಬರುವುದಿಲ್ಲ, ಹೀಗೆ ಪಕ್ಕಕ್ಕೆ ಬೀಸಿ ಎತ್ತಿಡಬೇಕು. ಅಡಿ ಎತ್ತರದ ಕಲ್ಲಿನ ಮುಂದೆ ನಿಂತು ನಾನು ಹಿಡಿದುಕೊಳ್ಳಲು ಕಂಬ ಹುಡುಕುತ್ತೇನೆ. ಅದಕ್ಕಾಗಿಯೇ ನಮ್ಮಂಥವರು ಫುಟ್‌ಪಾತ್ ಬಿಟ್ಟು ರಸ್ತೆಯ ಅಂಚಿನಲ್ಲಿ, ಆಟೋಗಳ ಮಧ್ಯೆ ನಡೆಯುವುದು. "ಫುಟ್‌ಪಾತ್ ಇದ್ದರೂ ರೋಡಲ್ಲೇ ಹೋಗ್ತಾರೆ ನೋಡಿ" ಅಂತ ಬೈಸಿಕೊಂಡಿದ್ದೂ ಆಗಿದೆ.

ಅಗಲದ ಕಥೆ ಇನ್ನೊಂದು. ಕಾಗದದ ಮೇಲೆ ಅಗಲ ಇದೆ. ಆದರೆ ಮರ, ಕಂಬ, ಕೇಬಲ್ ಪೆಟ್ಟಿಗೆ, ಅಂಗಡಿಯ ಬೋರ್ಡು, ಸ್ಕೂಟರು ಎಲ್ಲ ಕಳೆದು ಉಳಿದದ್ದನ್ನು ಅಳೆದರೆ ಗಾಲಿಕುರ್ಚಿ ತೂರುವಷ್ಟೂ ಇರುವುದಿಲ್ಲ. ಸ್ಕೂಟರ್ ಹತ್ತಬಾರದು ಅಂತ ಕೆಲವು ಕಡೆ ಸ್ಟೀಲಿನ ಕಂಬ ನೆಟ್ಟಿದ್ದಾರೆ. ಸ್ಕೂಟರ್‌ಗಳು ಪಕ್ಕದ ಅಂಗಡಿಯ ಇಳಿಜಾರಿನಿಂದ ಆರಾಮಾಗಿ ಹತ್ತಿ ಬರುತ್ತವೆ. ನಿಂತಿದ್ದು ಅಕ್ಕನ ಗಾಲಿಕುರ್ಚಿ ಮಾತ್ರ.

ಇಲ್ಲಿ ಒಂದು ಮಾತು ಹೇಳಲೇಬೇಕು. ಇಂಥ ದೂರು ಹೋದ ತಕ್ಷಣ ಅಧಿಕಾರಿಗಳು ಮೊದಲು ಎತ್ತಂಗಡಿ ಮಾಡುವುದು ಬೀದಿ ವ್ಯಾಪಾರಿಗಳನ್ನು. ದಯವಿಟ್ಟು ನಮ್ಮ ಹೆಸರಿನಲ್ಲಿ ಅದನ್ನು ಮಾಡಬೇಡಿ. ಅವತ್ತು ನಮಗೆ ದಾರಿ ಬಿಟ್ಟವರಲ್ಲಿ ಮೊದಲಿಗರು ಹೂವಿನವರು. ಬುಟ್ಟಿ ಎಳೆದುಕೊಂಡರು, ಮುಗಿಯಿತು. ಕದಲದೆ ನಿಂತದ್ದು ಕಾರುಗಳು, ಕಾಂಕ್ರೀಟು ಮತ್ತು ಜನರೇಟರುಗಳು. ಬೀದಿ ವ್ಯಾಪಾರಿಗಳ ಕಾಯ್ದೆ 2014ರಿಂದಲೇ ಇದೆ. ಅವರಿಗೂ ಜಾಗ ಗುರುತಿಸಿಕೊಡಿ, ನಮಗೂ ದಾರಿ ಬಿಡಿಸಿಕೊಡಿ.

ಜನರ ಬಗ್ಗೆ ನಮಗೆ ದೂರಿಲ್ಲ. ಮೈಸೂರಿನವರು ಒಳ್ಳೆಯವರೇ. ಒಂದು ಅಂಗಡಿಯ ಮುಂದೆ ಅಕ್ಕ ನಿಂತರೆ ಸಾಕು, ನಾಲ್ಕು ಜನ ಓಡಿ ಬರುತ್ತಾರೆ. "ಬಿಡಮ್ಮ, ಎತ್ಕೊಂಡ್ ಹೋಗ್ತೀವಿ." ಇದು ಒಳ್ಳೆಯತನ, ಸರಿ. ಆದರೆ ಒಂದು ಕ್ಷಣ ಯೋಚಿಸಿ ನೋಡಿ. ಒಂದು ಸೀರೆ ತಗೊಳ್ಳೋಕೆ, ಒಂದು ಚೆಕ್ ಹಾಕೋಕೆ ಗುರುತಿಲ್ಲದ ನಾಲ್ಕು ಗಂಡಸರು ತನ್ನನ್ನು ಕುರ್ಚಿ ಸಮೇತ ಎತ್ತಬೇಕು. ಅವರಲ್ಲೊಬ್ಬ ಎಲ್ಲಿ ಹಿಡಿಯಬೇಕೋ ಗೊತ್ತಿಲ್ಲದೆ ಚಕ್ರ ಹಿಡಿಯುತ್ತಾನೆ, ಕುರ್ಚಿ ವಾಲುತ್ತದೆ. ಮೆಟ್ಟಿಲ ಮೇಲೆ ನಿಂತವರೆಲ್ಲ ನೋಡುತ್ತಾರೆ. ಒಳಗೆ ಹೋದ ಮೇಲೆ ಸೀರೆ ಹಿಡಿಸದಿದ್ದರೂ ಸುಮ್ಮನೆ ಎದ್ದು ಬರುವಂತಿಲ್ಲ, ಮತ್ತೆ ಅದೇ ನಾಲ್ವರನ್ನು ಕರೆಯಬೇಕು. ಅಕ್ಕ ಹೇಳಿದ್ದು ಇಷ್ಟೇ: "ನಾನು ಅಂಗಡಿಗೆ ಹೋಗೋದು ಬಿಟ್ಟು ಎಷ್ಟೋ ವರ್ಷ ಆಯ್ತು. ಅಮ್ಮ ತಂದಿದ್ದು ಉಡ್ತೀನಿ." ಬ್ಯಾಟರಿ ಗಾಲಿಕುರ್ಚಿ ಇದ್ದವರಿಗೆ ಈ ಉಪಕಾರವೂ ಸಿಗುವುದಿಲ್ಲ. ಆ ಭಾರಕ್ಕೆ ನಾಲ್ಕು ಜನ ಸಾಲುವುದಿಲ್ಲ.

ರ‍್ಯಾಂಪ್ ಇಲ್ಲವೇ ಎಂದರೆ, ಇವೆ. ಲೆಕ್ಕ ಮಾತ್ರ ತಪ್ಪಿದೆ. ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ ಬೇಕು, ಇದು ಮಾರ್ಗಸೂಚಿಯಲ್ಲಿರುವ ಅಳತೆ. ಮೂರು ಮೆಟ್ಟಿಲು ಸೇರಿ 450 ಮಿಲಿಮೀಟರ್ ಎತ್ತರ ಅಂತಿಟ್ಟುಕೊಳ್ಳಿ, ರ‍್ಯಾಂಪ್ 5.4 ಮೀಟರ್ ಉದ್ದ ಇರಬೇಕು. ಜನ ದಿನವೂ ಹೋಗುವ ಒಂದು ಕಚೇರಿಯಲ್ಲಿ ಅಷ್ಟೇ ಎತ್ತರಕ್ಕೆ ಕಟ್ಟಿದ ರ‍್ಯಾಂಪ್ ಒಂದು ಮಂಚದಷ್ಟೂ ಉದ್ದವಿರಲಿಲ್ಲ. ಮೇಲೆ ನುಣುಪಾದ ಟೈಲ್ಸ್ ಬೇರೆ. ಜೊತೆಗಿದ್ದ ಹುಡುಗ ಕುರ್ಚಿ ತಳ್ಳಲು ಹೋಗಿ ತಾನೇ ಜಾರಿದ. ಪಕ್ಕದಲ್ಲಿ ಗಾಲಿಕುರ್ಚಿಯ ನೀಲಿ ಚಿತ್ರ ಚೆನ್ನಾಗಿ ಬರೆಸಿದ್ದರು. ಕಡತದಲ್ಲಿ 'ರ‍್ಯಾಂಪ್ ಒದಗಿಸಲಾಗಿದೆ' ಎಂದು ಖಂಡಿತ ಇರುತ್ತದೆ. ಇನ್ನೊಂದು ಕಡೆ ಅಂಗವಿಕಲರ ಶೌಚಾಲಯಕ್ಕೆ ಬೀಗ. ಬೀಗದ ಕೈ ಇಟ್ಟುಕೊಂಡವರು ಊಟಕ್ಕೆ ಹೋಗಿದ್ದರು. ಬಂದು ತೆಗೆದಾಗ ಒಳಗೆ ಪೊರಕೆ, ಫಿನಾಯಿಲ್ ಕ್ಯಾನು, ಮುರಿದ ಕುರ್ಚಿ. ನಮ್ಮಲ್ಲಿ ಬಹಳ ಜನ ಪೇಟೆಗೆ ಹೊರಡುವ ದಿನ ಬೆಳಿಗ್ಗೆಯಿಂದ ನೀರು ಕುಡಿಯುವುದಿಲ್ಲ. ಕಾರಣ ಇದೇ.

ಮೇಷ್ಟ್ರ ಅನುಭವ ಬೇರೆ ಥರ. ಮೈಸೂರಿನ ಸಿಟಿ ಬಸ್ಸುಗಳಲ್ಲಿ 'ಧ್ವನಿ ಸ್ಪಂದನ' ಅಂತ ಒಂದು ವ್ಯವಸ್ಥೆ ಬಂದಿದೆ, ನಿಮಗೆ ಗೊತ್ತಿರಬಹುದು. ಕಣ್ಣು ಕಾಣದವರ ಕೈಯಲ್ಲಿರುವ ಚಿಕ್ಕ ಸಾಧನದ ಗುಂಡಿ ಒತ್ತಿದರೆ ಹತ್ತಿರ ಬಂದ ಬಸ್ಸೇ ತನ್ನ ನಂಬರು ಹೇಳುತ್ತದೆ. ಆ ಶಬ್ದ ಹಿಡಿದು ಬಾಗಿಲು ಗುರುತಿಸಿ ಹತ್ತಬಹುದು. ನಿಜಕ್ಕೂ ಹೆಮ್ಮೆಪಡುವ ಕೆಲಸ. ಯಾರನ್ನೂ ಕೇಳದೆ ಬಸ್ ಹತ್ತುವುದು ಏನು ಅಂತ ಕಣ್ಣಿದ್ದವರಿಗೆ ಅರ್ಥವಾಗುವುದು ಕಷ್ಟ. ಆದರೆ ಬಸ್ಸಿನಿಂದ ಇಳಿದ ಮರುಕ್ಷಣ? ಅಲ್ಲಿಂದ ಮುಂದೆ ಮಾತಾಡುವ ಒಂದು ಸಿಗ್ನಲ್ಲೂ ನಮ್ಮ ದಾರಿಯಲ್ಲಿ ಸಿಗಲಿಲ್ಲ. ಕಣ್ಣು ಕಾಣದವರಿಗೆ ಕಾಲಲ್ಲಿ, ಕೋಲಲ್ಲಿ ದಾರಿ ತಿಳಿಯಲೆಂದು ಇರುವ ಉಬ್ಬು ಹಳದಿ ಟೈಲ್ಸ್ ಹಾಕಿದ್ದ ಕಡೆಯೂ ಹಾಕಿದವರಿಗೆ ಅದು ಯಾಕೆ ಅಂತ ಯಾರೂ ಹೇಳಿದ ಹಾಗಿಲ್ಲ. ಉದ್ದ ಗೆರೆಯ ಟೈಲ್ ಅಂದರೆ 'ಮುಂದೆ ನಡಿ'. ಚುಕ್ಕಿಯ ಟೈಲ್ ಅಂದರೆ 'ನಿಲ್ಲು, ಮುಂದೆ ಏನೋ ಇದೆ'. ಒಂದು ಕಡೆ ಎರಡನ್ನೂ ರಂಗೋಲಿಯ ಹಾಗೆ ಬೆರೆಸಿದ್ದರು. ಇನ್ನೊಂದು ಕಡೆ ಗೆರೆ ನೇರವಾಗಿ ಹೋಗಿ ಕಂಬಕ್ಕೆ ಮುಟ್ಟಿತ್ತು. ಮೇಷ್ಟ್ರು ಬಿಳಿಕೋಲು ತಟ್ಟಿ ನಕ್ಕರು. "ಇದನ್ನ ನಂಬೋದಕ್ಕಿಂತ ಮಲ್ಲಿಗೆ ವಾಸನೆ ಹಿಡಿದು ಮಾರ್ಕೆಟ್‌ಗೆ ಹೋಗೋದೇ ವಾಸಿ."

ಕಿವಿ ಕೇಳದ ಹುಡುಗನಿಗೆ ದಾರಿಯಲ್ಲಿ ತೊಂದರೆ ಕಮ್ಮಿ, ಕೌಂಟರಿನಲ್ಲಿ ಜಾಸ್ತಿ. ಟೋಕನ್ ನಂಬರನ್ನು ಕೂಗಿ ಕರೆಯುತ್ತಾರೆ, ಬೋರ್ಡಿನಲ್ಲಿ ತೋರಿಸುವುದಿಲ್ಲ. ಆಟಿಸಂ ಇರುವ ಮಗುವಿಗೆ ಬೇಕಾಗಿದ್ದು ಹಾರ್ನ್ ಸದ್ದಿನಿಂದ ದೂರ ಐದು ನಿಮಿಷ ಕೂರುವ ಒಂದು ಜಾಗ. ನಾವು ಹೋದ ದಾರಿಯಲ್ಲಿ ಅಂಥದ್ದು ಸಿಗಲಿಲ್ಲ, ಅವರು ಅರ್ಧಕ್ಕೇ ಮನೆಗೆ ಹೋದರು.

ಈಗ ನಿಮಗೆ ಹತ್ತಿರದ ಒಂದು ವಿಷಯ. ಶಾಸಕರ ನಿಧಿಯಿಂದ, ಪಾಲಿಕೆ ಅಂಗವಿಕಲರಿಗೆಂದೇ ಮೀಸಲಿಡುವ ಶೇ 5ರ ಅನುದಾನದಿಂದ ನಮ್ಮಂಥವರಿಗೆ ಮೂರು ಚಕ್ರದ ಸ್ಕೂಟರ್ ಕೊಡುತ್ತಾರೆ. ಸಾಲಾಗಿ ನಿಲ್ಲಿಸಿ, ಹೂವಿನ ಹಾರ ಹಾಕಿ, ಬೀಗದ ಕೈ ಹಸ್ತಾಂತರಿಸಿ ಫೋಟೋ ತೆಗೆಸಿಕೊಳ್ಳುವ ಸಮಾರಂಭಗಳನ್ನು ನಾವೂ ನೋಡಿದ್ದೇವೆ. ನಾನು ಅದನ್ನು ಹಂಗಿಸುತ್ತಿಲ್ಲ. ಆ ಸ್ಕೂಟರ್ ಬಂದ ಮೇಲೆ ಕೆಲಸಕ್ಕೆ ಸೇರಿದವರು ನಮ್ಮ ಗೆಳೆಯರಲ್ಲೇ ಇದ್ದಾರೆ. ಆದರೆ ಅದೇ ಸ್ಕೂಟರ್ ಏರಿ ಪೇಟೆಗೆ ಬಂದವರು ಅದನ್ನು ಎಲ್ಲಿ ನಿಲ್ಲಿಸಬೇಕು? ಪಕ್ಕದ ಚಕ್ರಗಳಿಂದ ಅದರ ಅಗಲ ಜಾಸ್ತಿ, ಬೈಕ್ ಸಾಲಿನಲ್ಲಿ ಹಿಡಿಯುವುದಿಲ್ಲ. ಕಾರಿನ ಸಾಲಿಗೆ ಬಿಡುವುದಿಲ್ಲ. ನಿಲ್ಲಿಸಿದರೂ ಇಳಿದು ಹತ್ತಲು ಪಕ್ಕದಲ್ಲಿ ಜಾಗ ಬೇಕು. ಕೊನೆಗೆ ಸ್ಕೂಟರ್ ಮೇಲೆ ಕೂತೇ ಅಂಗಡಿಯವನನ್ನು ಕೂಗಿ ಕರೆದು ಸಾಮಾನು ತರಿಸಿಕೊಳ್ಳುತ್ತಾರೆ. ಸ್ಕೂಟರ್ ಕೊಟ್ಟ ಕೈಯೇ ನಾಲ್ಕಾರು ಕಡೆ ಅದಕ್ಕೊಂದು ಜಾಗ ಬರೆಸಿಕೊಡಬಾರದೇ? ಖರ್ಚು ಬಣ್ಣದ ಡಬ್ಬಿಯದು ಮಾತ್ರ, ಆಮೇಲೆ ಅಲ್ಲಿ ಬೇರೆಯವರು ನಿಲ್ಲಿಸದ ಹಾಗೆ ನೋಡಿಕೊಳ್ಳುವ ಒಬ್ಬ ಪೊಲೀಸಿನವರು.

'ಹಳೇ ಊರು, ಪಾರಂಪರಿಕ ಕಟ್ಟಡಗಳು, ಏನೂ ಮುಟ್ಟೋಕಾಗಲ್ಲ' ಎಂಬ ಉತ್ತರ ನಮಗೆ ಬಾಯಿಪಾಠವಾಗಿದೆ. ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ ಬಿತ್ತು, ಜೀವಗಳೂ ಹೋದವು. ದೇವರಾಜ ಮಾರುಕಟ್ಟೆಯ ಒಂದು ಭಾಗ 2016ರಲ್ಲಿ ಕುಸಿಯಿತು. ಅಂದಿನಿಂದ ಕೆಡವಬೇಕೋ, ರಿಪೇರಿ ಮಾಡಬೇಕೋ ಎಂಬ ಜಗಳ ನಡೆದೇ ಇದೆ. ಆ ಜಗಳದಲ್ಲಿ ನಾವು ಯಾವ ಕಡೆಯೂ ಇಲ್ಲ. (ನನ್ನ ಮನಸ್ಸನ್ನು ಕೇಳಿದರೆ ಉಳಿಸಿಕೊಳ್ಳಿ ಅನ್ನುತ್ತೇನೆ.) ಎರಡರಲ್ಲಿ ಏನೇ ಆದರೂ ನಕ್ಷೆ ಬರೆಯುವ ದಿನವೇ ಮೆಟ್ಟಿಲಿಲ್ಲದ ಒಂದು ದಾರಿಯನ್ನು ಅದರಲ್ಲಿ ಬರೆಯಲಿ. ಕಟ್ಟಿ ಮುಗಿಸಿ, ಉದ್ಘಾಟನೆ ಮಾಡಿ, ಆಮೇಲೆ ಒಡೆಯುವ ಕೆಲಸ ಬೇಡ.

ಕಾನೂನು ನಿಮಗೆ ಗೊತ್ತಿರುವುದೇ, ಆದರೂ ನೆನಪಿಸುತ್ತೇವೆ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರದು. ಅದರ 45ನೇ ಕಲಂ ಪ್ರಕಾರ, ಹಳೆಯ ಸಾರ್ವಜನಿಕ ಕಟ್ಟಡಗಳನ್ನೆಲ್ಲ ನಿಯಮ ಬಂದ ಐದು ವರ್ಷದೊಳಗೆ ಸರಿಮಾಡಬೇಕಿತ್ತು. ನಿಯಮ ಬಂದದ್ದು 2017ರ ಜೂನ್‌ನಲ್ಲಿ. ಗಡುವು 2022ಕ್ಕೇ ಮುಗಿದಿದೆ. ಸಾರ್ವಜನಿಕ ಕಟ್ಟಡ ಎಂದರೆ ಸರ್ಕಾರದ್ದಷ್ಟೇ ಅಲ್ಲ, ಜನ ಬಂದುಹೋಗುವ ಖಾಸಗಿ ಕಟ್ಟಡವೂ ಸೇರಿದೆ. 44ನೇ ಕಲಂ ಇನ್ನೂ ಖಡಕ್ಕಾಗಿದೆ: ಈ ಅಳತೆಗಳು ಇಲ್ಲದ ನಕ್ಷೆಗೆ ಅನುಮತಿ ಇಲ್ಲ, ಕಟ್ಟಿದ ಮೇಲೆ ಪೂರ್ಣಗೊಂಡ ಪ್ರಮಾಣಪತ್ರವೂ ಇಲ್ಲ. ಹಾಗಾದರೆ ಮೊನ್ನೆ ಮೊನ್ನೆ ಕಟ್ಟಿದ, ಮೂರು ಮೆಟ್ಟಿಲ ಮೇಲಿರುವ ಶೋರೂಮುಗಳಿಗೆ ಸಹಿ ಹಾಕಿದವರು ಯಾರು? 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ರಾಜೀವ್ ರತೂರಿ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ಈ ಮಾರ್ಗಸೂಚಿಗಳು ಬರೀ ಸಲಹೆಗಳಾಗಿ ಉಳಿಯುವಂತಿಲ್ಲ, ಕಡ್ಡಾಯ ನಿಯಮ ಮಾಡಿ ಎಂದು ಕೇಂದ್ರಕ್ಕೆ ಆದೇಶ ಕೊಟ್ಟಿದೆ.

2011ರ ಜನಗಣತಿಯಲ್ಲಿ ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು ಅಂಗವಿಕಲರಿದ್ದರು. ಆಗ ಲೆಕ್ಕಕ್ಕೇ ಬಾರದ ಎಷ್ಟೋ ಬಗೆಯ ಅಂಗವಿಕಲತೆಯನ್ನು ಹೊಸ ಕಾಯ್ದೆ ಗುರುತಿಸಿದೆ. ಮೈಸೂರಿಗಂತೂ ಹೊರಗಿನಿಂದಲೂ ಜನ ಬರುತ್ತಾರೆ. ವಾಕ್ ಮತ್ತು ಶ್ರವಣ ಸಂಸ್ಥೆಗೆ ದೇಶದ ಎಲ್ಲೆಡೆಯಿಂದ ಬರುತ್ತಾರೆ. ಅಂಗವಿಕಲರಿಗೇ ಮೀಸಲಾದ ಪಾಲಿಟೆಕ್ನಿಕ್ ಇಲ್ಲಿದೆ. ತಿಲಕ್ ನಗರದಲ್ಲಿ ಕಣ್ಣು ಕಾಣದ ಮಕ್ಕಳ ಶಾಲೆ ಇದೆ. ಇವರೆಲ್ಲ ಓದು ಕಲಿತು, ಕಸುಬು ಕಲಿತು ಹೊರಗೆ ಬಂದರೆ ಸಿಗುವುದು ಈ ಫುಟ್‌ಪಾತು.

ಆಗುವುದಿಲ್ಲ ಎನ್ನುವ ಮಾತನ್ನು ನಾವು ಒಪ್ಪುವುದಿಲ್ಲ. ಮತದಾನದ ದಿನ ನೋಡಿ. ಮತಗಟ್ಟೆಗೆ ಮರದ ರ‍್ಯಾಂಪ್ ಬರುತ್ತದೆ, ಗಾಲಿಕುರ್ಚಿ ಬರುತ್ತದೆ, ತಳ್ಳಲು ಸ್ವಯಂಸೇವಕರು ಬರುತ್ತಾರೆ. ಬರಲಾಗದವರ ಮನೆಗೆ ಮತಪತ್ರವೇ ಬರುತ್ತದೆ. ವೋಟು ಹಾಕಿ ಹೊರಗೆ ಬಂದರೆ ಅದೇ ಬೀದಿ.

ನಾವು ಇಡೀ ನಗರವನ್ನು ಒಂದೇ ಸಲ ಸರಿಮಾಡಿ ಎಂದು ಕೇಳುತ್ತಿಲ್ಲ. ಒಂದು ದಾರಿ ಕೊಡಿ. ಸಿಟಿ ಬಸ್ ನಿಲ್ದಾಣದಿಂದ ದೇವರಾಜ ಮಾರುಕಟ್ಟೆ ದಾಟಿ ಆಯುರ್ವೇದ ಆಸ್ಪತ್ರೆ ವೃತ್ತದವರೆಗೆ ಎಲ್ಲೂ ಕಡಿಯದ ಒಂದೇ ಒಂದು ದಾರಿ. ಅರ್ಧ ಕಿಲೋಮೀಟರ್ ಚೆನ್ನಾಗಿ ಮಾಡಿ ಮಧ್ಯೆ ಒಂದೇ ಒಂದು ಕಲ್ಲು ಎತ್ತರ ಉಳಿಸಿದರೂ ಗಾಲಿಕುರ್ಚಿಗೆ ದಾರಿ ಅಲ್ಲೇ ಮುಗಿಯಿತು. ಜಂಬೂಸವಾರಿ ಹೋಗುವುದೂ ಇದೇ ಸಯ್ಯಾಜಿರಾವ್ ರಸ್ತೆಯಲ್ಲಿ. ಪ್ರತಿ ದಸರಾಗೆ ಮುಂಚೆ ಇಲ್ಲಿ ಹೇಗೂ ಡಾಂಬರು, ಬಣ್ಣ, ರಿಪೇರಿ ಆಗುತ್ತದೆ. ಮುಂದಿನ ದಸರಾ ಕೆಲಸದ ಟೆಂಡರ್ ಕರೆಯುವ ಮೊದಲೇ ಅದರಲ್ಲಿ ಈ ಅಳತೆಗಳನ್ನು ಸೇರಿಸಲು ಹೇಳಿ. ಬಿಲ್ ಪಾಸ್ ಮಾಡುವ ಮುಂಚೆ ನಮ್ಮಲ್ಲಿ ಇಬ್ಬರನ್ನು ಕರೆಯಲಿ, ನಾವು ಓಡಾಡಿ ನೋಡಿ ಹೇಳುತ್ತೇವೆ. ಸಂಬಳ ಬೇಡ, ಕಾಫಿ ಕೊಟ್ಟರೆ ಕುಡಿಯುತ್ತೇವೆ.

ಅದಕ್ಕೆ ಮೊದಲು ನೀವೊಮ್ಮೆ ಬನ್ನಿ. ಭಾನುವಾರ ಬೆಳಿಗ್ಗೆ ಬೇಡ, ಆಗ ಎಲ್ಲ ಖಾಲಿ, ಎಲ್ಲ ಚೆಂದ. ಶನಿವಾರ ಸಂಜೆ ಐದರ ಮೇಲೆ ಬನ್ನಿ. ಪಾಲಿಕೆ, ಸಂಚಾರ ಪೊಲೀಸ್, ವಿದ್ಯುತ್, ನೀರು, ಸಾರಿಗೆ, ಎಲ್ಲ ಇಲಾಖೆಯಿಂದ ಒಬ್ಬೊಬ್ಬ ಎಂಜಿನಿಯರನ್ನು ಕರೆದುಕೊಂಡು ಬನ್ನಿ. ಅವರವರ ಕಂಬ, ಪೆಟ್ಟಿಗೆ, ಮುಚ್ಚಳದ ಮುಂದೆ ನಿಂತು ಅಲ್ಲೇ ದಿನಾಂಕ ಬರೆಸಿಕೊಳ್ಳೋಣ. ನಮ್ಮ ಅಳತೆಗಳ ಪಟ್ಟಿ, ಫೋಟೋ, ನಕ್ಷೆಯನ್ನು ನಿಮ್ಮ ಕಚೇರಿಗೆ ತಲುಪಿಸುತ್ತೇವೆ. ಕಚೇರಿ ಮೊದಲನೇ ಮಹಡಿಯಲ್ಲಿದ್ದು ಲಿಫ್ಟ್ ಇಲ್ಲದಿದ್ದರೆ ಮೊದಲೇ ತಿಳಿಸಿ, ಅಕ್ಕನ ಬದಲು ಎಂಜಿನಿಯರಿಂಗ್ ಹುಡುಗರನ್ನು ಕಳಿಸುತ್ತೇವೆ.

ಇಂತಿ,
ನಡಿಗೆ ತಂಡದ ಪರವಾಗಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ, ಮೈಸೂರು