ಇತಿಹಾಸ ಸಂಘದ ಮಾಳಿಗೆ ದುರಸ್ತಿಗೆ ದೇಣಿಗೆ ಮನವಿ

ಆತ್ಮೀಯರೇ, ಸಂಘದ ಹಿತೈಷಿಗಳೇ,

ಈ ಸಲ ಚಿತ್ರದುರ್ಗಕ್ಕೆ ಹಸ್ತ ಮಳೆ ಚೆನ್ನಾಗಿಯೇ ಆಯಿತು. ನಾವು ಬಯಲುಸೀಮೆಯವರು, ಮಳೆ ಬಂತು ಅಂತ ದೂರುವವರಲ್ಲ. ಆದರೆ ರಾತ್ರಿಯಿಡೀ ಬಿಡದೆ ಹೊಡೆದ ಮಳೆಗೆ ನಮ್ಮ ಸಂಘದ ಹಿಂದಿನ ಕೋಣೆಯ ಮಾಳಿಗೆ, ಅಂದರೆ ಮಣ್ಣಿನ ಚಾವಣಿ, ಒಂದು ಮೂಲೆಯಲ್ಲಿ ಕುಸಿದಿದೆ. ಯಾವ ಕೋಣೆ ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಹಳೇ ಕಾಗದಪತ್ರದ ಕಪಾಟು ಇರುವುದು ಅಲ್ಲೇ, ಭಾನುವಾರ ಮಕ್ಕಳ ತರಗತಿ ನಡೆಯುವುದೂ ಅಲ್ಲೇ.

ರಾತ್ರಿ ಬಿದ್ದದ್ದರಿಂದ ಯಾರಿಗೂ ಏನೂ ಆಗಲಿಲ್ಲ. ಬೆಳಿಗ್ಗೆ ಬಾಗಿಲು ತೆಗೆದರೆ ಕರಲು ಮಣ್ಣು, ಮುರಿದ ಜಂತೆ, ನೀರು ಎಲ್ಲ ಸೇರಿ ನೆಲ ಪೂರ್ತಿ ಕೆಸರು. ಮೇಸ್ತ್ರಿಯನ್ನು ಕರೆಸಿದೆವು. ನಡುವಿನ ತೊಲೆಯನ್ನು ಕೋಲಿನಿಂದ ತಟ್ಟಿದರು, ಒಳಗೆಲ್ಲ ಗೆದ್ದಲು. "ಇದ್ರ ಕೆಳಗೆ ಮಕ್ಕಳನ್ನ ಕೂರಿಸಬ್ಯಾಡ್ರಿ ಸಾರ್" ಅಂದರು. ಅವತ್ತಿನಿಂದ ತರಗತಿ ನಿಂತಿದೆ.

ಓಲೆಗರಿ ಕಟ್ಟುಗಳು ಒದ್ದೆಯಾಗಿವೆ. ಅವುಗಳ ಬಗ್ಗೆ ಅಷ್ಟು ಭಯವಿಲ್ಲ. ಕಂಟದಿಂದ (ಚೂಪು ಲೇಖನಿಯಿಂದ) ಕೊರೆದ ಅಕ್ಷರ ನೀರು ಬಿದ್ದ ಕೂಡಲೇ ಹೋಗುವುದಿಲ್ಲ. ನೆರಳಲ್ಲಿ ಒಣಗಿಸಿ, ಬೂಷ್ಟು ಒರೆಸಿ, ನಿಂಬೆಹುಲ್ಲಿನ ಎಣ್ಣೆ ಸವರಿದರೆ ಉಳಿಯುತ್ತವೆ. ಹೊಟ್ಟೆ ಉರಿದಿದ್ದು ಕಡತಗಳನ್ನು ನೋಡಿ. ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು, ಅದರ ಮೇಲೆ ಬಳಪದಲ್ಲಿ ಬರೆದ ಲೆಕ್ಕಪತ್ರಗಳು ಅವು. ಒದ್ದೆ ಕೈ ಸೋಕಿದರೂ ಅಳಿಸಿಹೋಗುತ್ತವೆ. ಹಳ್ಳಿಯ ಶಾನುಭೋಗರ ಮನೆತನದವರು ಅಟ್ಟದಿಂದ ಇಳಿಸಿ, ನಮ್ಮನ್ನು ನಂಬಿ ಕೊಟ್ಟಿದ್ದರು. ಈಗ ಕೆಲವು ಮಡಿಕೆಗಳು ಬರೀ ಕಪ್ಪು ಬಟ್ಟೆ. ಉಳಿದವನ್ನು ಸದ್ಯಕ್ಕೆ ಸದಸ್ಯರೊಬ್ಬರ ಮನೆಯ ಬೀರುವಿನಲ್ಲಿ ಇಟ್ಟಿದ್ದೇವೆ. ಅವರ ಮನೆಯವರು ತಮ್ಮ ಸೀರೆಗಳನ್ನು ಟ್ರಂಕಿಗೆ ಹಾಕಿಕೊಂಡು ಜಾಗ ಮಾಡಿಕೊಟ್ಟಿದ್ದಾರೆ. ಎಷ್ಟು ದಿನ ಅಂತ ಅವರಿಗೆ ತೊಂದರೆ ಕೊಡುವುದು?

ಹುಲ್ಲೂರು ಶ್ರೀನಿವಾಸ ಜೋಯಿಸರಂಥವರು ಊರೂರು ಅಲೆದು ದುರ್ಗದ ದಾಖಲೆ ಕೂಡಿಹಾಕಿದ ನೆಲ ಇದು. ನಮ್ಮ ಸಂಘ ಕಟ್ಟಿದ ಹಿರಿಯರೂ ಅದೇ ಹಾದಿಯವರು. ಸೈಕಲ್ಲಿನಲ್ಲಿ ಹೋಗಿ, ಯಾರದೋ ಜಗಲಿಯಲ್ಲಿ ಮಲಗಿ, ವೀರಗಲ್ಲುಗಳನ್ನು ಹುಡುಕಿ ಬರೆದಿಟ್ಟವರು. ಅವರ ಹೆಸರು ಇಲ್ಲಿ ಹಾಕುವುದಿಲ್ಲ. ಒಬ್ಬರದು ಬಿಟ್ಟುಹೋದರೂ ಮನೆಯವರು ಬೇಜಾರು ಮಾಡಿಕೊಳ್ಳುತ್ತಾರೆ, ಅಲ್ವಾ?

ನಾವು ಸುಮ್ನೆ ಕೂತವರಲ್ಲ ಅನ್ನುವುದು ನಿಮಗೆ ಗೊತ್ತು. ಪ್ರತಿ ತಿಂಗಳ ಕೋಟೆ ನಡಿಗೆ ರಂಗಯ್ಯನ ಬಾಗಿಲಿನಿಂದ ಹೊರಡುತ್ತದೆ. ಮದ್ದು ಅರೆಯುವ ಕಲ್ಲು, ಏಕನಾಥೇಶ್ವರಿ ಗುಡಿ ನೋಡಿಕೊಂಡು ಹೊಂಡಗಳ ಹತ್ತಿರ ನಿಲ್ಲುತ್ತೇವೆ. ಮಕ್ಕಳು ಜಾಸ್ತಿ ಪ್ರಶ್ನೆ ಕೇಳುವುದು ಅಲ್ಲೇ. ಮೇಲಿನ ಗೋಪಾಲಸ್ವಾಮಿ ಹೊಂಡ ತುಂಬಿದರೆ ಅಕ್ಕತಂಗಿಯರ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆ ಹೊಂಡಕ್ಕೆ ನೀರು ಇಳಿಯುವ ಏರ್ಪಾಡು. 1779ರಲ್ಲಿ ಹೈದರಾಲಿ ಕೋಟೆ ಹಿಡಿಯುವವರೆಗೆ ದುರ್ಗವನ್ನಾಳಿದ ಪಾಳೆಯಗಾರ ನಾಯಕರು ಅಷ್ಟು ವರ್ಷ ಗುಡ್ಡದ ಮೇಲೆ ಬಾಳಿದ್ದರ ಹಿಂದೆ ಈ ನೀರಿನ ಲೆಕ್ಕವೂ ಇದೆ. ಅವರು ಬಂಡೆಯ ಮೇಲೆ ಬಿದ್ದ ಮಳೆಯನ್ನೂ ಪಳಗಿಸಿದರು, ನಮಗೆ ಒಂದು ಮಾಳಿಗೆ ಕಾಯಲು ಆಗಲಿಲ್ಲ!

ಚಂದ್ರವಳ್ಳಿಗೆ ಹೋದಾಗ ಭೈರವೇಶ್ವರ ಗುಡಿ ಪಕ್ಕದ ಬಂಡೆಯ ಮೇಲಿರುವ ಕದಂಬ ದೊರೆ ಮಯೂರಶರ್ಮನ ಶಾಸನ ತೋರಿಸುತ್ತೇವೆ. ಅದೂ ಕೆರೆಯ ವಿಷಯವೇ. 1929ರಲ್ಲಿ ಪುರಾತತ್ವಜ್ಞ ಎಂ.ಎಚ್. ಕೃಷ್ಣ ಅವರು ಅಗೆಸಿದ, 1947ರಲ್ಲಿ ವೀಲರ್ ಮತ್ತೆ ಅಗೆಸಿದ ಜಾಗ ಅದು. ರೋಮನ್ ನಾಣ್ಯ ಇಲ್ಲಿ ಸಿಕ್ಕಿತ್ತು ಅಂದರೆ ಮಕ್ಕಳು ನಂಬುವುದೇ ಇಲ್ಲ.

ವರ್ಷಕ್ಕೊಮ್ಮೆ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೆ ಬಸ್ಸು. ಅಶೋಕನ ಶಾಸನ ಬರೆದ ಚಪಡ ಎಂಬ ಲಿಪಿಕಾರ ಎಲ್ಲವನ್ನೂ ಬ್ರಾಹ್ಮಿಯಲ್ಲಿ ಬರೆದು, ಕೊನೆಯ ಒಂದು ಪದವನ್ನು ಮಾತ್ರ ಬಲದಿಂದ ಎಡಕ್ಕೆ ಹೋಗುವ ಖರೋಷ್ಠಿಯಲ್ಲಿ ಬರೆದಿದ್ದಾನೆ. ಈ ಕಥೆ ಕೇಳಿದ ಮೇಲೆ ನಮ್ಮ ಲಿಪಿ ತರಗತಿಗೆ ಮಕ್ಕಳು ತಾವಾಗಿಯೇ ಬರತೊಡಗಿದರು. ಹಾಸ್ಟೆಲ್ ಮಕ್ಕಳೇ ಹೆಚ್ಚು. ಅಪ್ಪ ಅಮ್ಮ ಕಾಫಿ ಸೀಮೆಗೋ ಬೆಂಗಳೂರಿಗೋ ದುಡಿಯಲು ಹೋಗಿರುತ್ತಾರೆ. ದುರ್ಗದಲ್ಲೇ ಓದುತ್ತಿದ್ದರೂ ಒಮ್ಮೆಯೂ ಕೋಟೆ ಹತ್ತದ ಮಕ್ಕಳಿದ್ದಾರೆ. 15 ವರ್ಷದೊಳಗಿನವರಿಗೆ ಕೋಟೆಗೆ ಟಿಕೆಟ್ ಇಲ್ಲ, ಕರೆದುಕೊಂಡು ಹೋಗುವವರು ಬೇಕು ಅಷ್ಟೆ. ಭಾನುವಾರ ಅವರಿಗೆ ಹೋಗಲು ಇದ್ದ ಜಾಗ ನಮ್ಮ ಈ ಕೋಣೆ. ಈಗ ಗೇಟಿನವರೆಗೆ ಬಂದು, "ಯಾವಾಗ ಶುರು ಸಾರ್?" ಅಂತ ಕೇಳಿ ವಾಪಸು ಹೋಗುತ್ತಾರೆ.

ಇನ್ನು ಹಾಡುವವರು. ಚಳ್ಳಕೆರೆ ಕಡೆಯ ಗೊಲ್ಲರಹಟ್ಟಿಗಳಿಂದ ಅಜ್ಜಿಯರು ಬಂದು ಗೊಲ್ಲರ ವೀರರಾದ ಜುಂಜಪ್ಪನ, ಎತ್ತಪ್ಪನ ಪದ ಹೇಳುತ್ತಾರೆ. ಸಿರಿಯಜ್ಜಿಯಂಥವರು ಹಾಡಿದ ಸೀಮೆ ಅದು. ಒಂದು ದಿನದ ಕೂಲಿ ಬಿಟ್ಟು ಬರುವ ಅವರಿಗೆ ನಾವು ಕೊಡುವುದು ಬಸ್ ಚಾರ್ಜು, ಊಟ, ಒಂದು ಸೀರೆ. ನಾಚಿಕೆಯಾಗುತ್ತದೆ. ಆದರೂ ಕರೆದಾಗ ಇಲ್ಲ ಅಂದಿಲ್ಲ. ಅವರ ಪದಗಳನ್ನು ರೆಕಾರ್ಡ್ ಮಾಡಿದ ಹಳೇ ಕ್ಯಾಸೆಟ್ಟುಗಳೂ ಅದೇ ಕೋಣೆಯಲ್ಲಿದ್ದವು. ಅವು ಮೇಲಿನ ಹಲಗೆಯಲ್ಲಿದ್ದು ಬಚಾವಾದವು.

ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಗಳ "ಮಾಡಿದಷ್ಟು ನೀಡು ಭಿಕ್ಷೆ" ಅನ್ನುವ ಮಾತು ನಮ್ಮ ಸೀಮೆಯವರಿಗೆಲ್ಲ ಬಾಯಿಪಾಠ. ನಾವು ಮಾಡಿದ್ದನ್ನು ಇಷ್ಟುದ್ದ ಹೇಳಿಕೊಂಡಿದ್ದು ಅದೇ ಧೈರ್ಯದಿಂದ.

ಈಗ ದುಡ್ಡಿನ ಮಾತು. ಕೊಳೆತ ತೊಲೆ, ಜಂತೆ ತೆಗೆದು, ಗೋಡೆ ಗಟ್ಟಿಮಾಡಿ, ಹೊಸ ಮಾಳಿಗೆ ಹಾಕಲು ಆರೇಳು ಲಕ್ಷ ಆಗಬಹುದು ಅಂತ ಮೇಸ್ತ್ರಿ ಅಂದಾಜು. ತಗಡು ಹೊದಿಸಿದರೆ ಅರ್ಧಕ್ಕರ್ಧ ಉಳಿಯುತ್ತದೆ ಅಂತ ಕೆಲವರು ಹೇಳಿದರು. ಬೇಸಿಗೆಯಲ್ಲಿ ತಗಡಿನ ಕೆಳಗೆ ಓಲೆಗರಿ ಇಡುವುದು ಹೇಗೆ? ಬೇಡ ಅಂತ ತೀರ್ಮಾನಿಸಿದೆವು. ಕಾಗದಪತ್ರಕ್ಕೆ ಕಬ್ಬಿಣದ ಬೀರು, ಔಷಧಿ, ಎಣ್ಣೆಗೆ ಬೇರೆ ಒಂದಿಷ್ಟು ಬೇಕು. ಸಂಘದ ಖಾತೆಯಲ್ಲಿ ಒಂದೂವರೆ ಲಕ್ಷದ ಹತ್ತಿರ ಇದೆ. ಅನುದಾನಕ್ಕೆ ಅರ್ಜಿ ಕೊಟ್ಟಿದ್ದೇವೆ, ಬಂದಾಗ ಬರಲಿ. ಮೇಸ್ತ್ರಿಗೆ ಈ ತಿಂಗಳ ಕೊನೆಯೊಳಗೆ ಅಡ್ವಾನ್ಸ್ ಕೊಡದಿದ್ದರೆ ಅವರು ಬೇರೆ ಕೆಲಸ ಹಿಡಿಯುತ್ತಾರೆ. ಸ್ವಾತಿ ಮಳೆ ಬೇರೆ ಬಾಕಿ ಇದೆ, ಸದ್ಯಕ್ಕೆ ಟಾರ್ಪಾಲು ಕಟ್ಟಿದ್ದೇವೆ.

ನವೆಂಬರ್ 11 ಒನಕೆ ಓಬವ್ವ ಜಯಂತಿ. ಅವತ್ತು ಕೋಟೆಯ ಓಬವ್ವನ ಕಿಂಡಿಯವರೆಗೆ ಮಕ್ಕಳ ನಡಿಗೆ, ರಸಪ್ರಶ್ನೆ, ಊಟ ಎಲ್ಲ ಎಂದಿನಂತೆ ಇದೆ. ಮಾಳಿಗೆ ಅಷ್ಟರಲ್ಲಿ ಪೂರ್ತಿ ಆಗುವುದಿಲ್ಲ. ತೊಲೆಯಾದರೂ ಕೂತಿರಲಿ ಅಂತ ಆಸೆ. ಊಟಕ್ಕೆ ಅಂಗಳದಲ್ಲಿ ಪೆಂಡಾಲ್ ಹಾಕಿಸುತ್ತೇವೆ.

ಇನ್ನೂರು ರೂಪಾಯಿ ಕೊಟ್ಟರೂ ರಸೀದಿ ಕೊಡುತ್ತೇವೆ. ಒಂದು ಜಂತೆಯ ಖರ್ಚು, ಒಂದು ಬೀರುವಿನ ಖರ್ಚು ಅಂತ ವಹಿಸಿಕೊಂಡರೆ ಇನ್ನೂ ಒಳ್ಳೆಯದು. ಸಾಗುವಾನಿ ಅಥವಾ ಮತ್ತಿ ತೊಲೆ ಇದ್ದವರು ಮರವನ್ನೇ ಕೊಡಬಹುದು. ದಾವಣಗೆರೆಯ ಬಂಧುಗಳಲ್ಲೂ ಕೇಳುತ್ತಿದ್ದೇವೆ. 1997ರಲ್ಲಿ ಜಿಲ್ಲೆ ಬೇರೆಯಾಯಿತು, ಆದರೆ ನಮ್ಮ ಸದಸ್ಯರ ಪಟ್ಟಿಯಿಂದ ನಿಮ್ಮನ್ನು ಯಾರೂ ತೆಗೆದಿಲ್ಲ. 80 ಜಿ ತೆರಿಗೆ ರಿಯಾಯಿತಿ ನಮಗೆ ಇನ್ನೂ ಸಿಕ್ಕಿಲ್ಲ, ದಯವಿಟ್ಟು ಗಮನಿಸಿ. ಖಾತೆಯ ವಿವರ ಸಂಘದ ನೋಟಿಸ್ ಬೋರ್ಡಿನಲ್ಲಿದೆ. ಸಂಜೆ ಐದರಿಂದ ಏಳರವರೆಗೆ ಪದಾಧಿಕಾರಿಗಳಲ್ಲಿ ಒಬ್ಬರಾದರೂ ಮುಂದಿನ ಕೋಣೆಯಲ್ಲಿ ಇರುತ್ತೇವೆ. ಬಂದು ಮಾಳಿಗೆ ನೋಡಿ, ಲೆಕ್ಕದ ಪುಸ್ತಕವನ್ನೂ ನೋಡಿ, ಆಮೇಲೆ ಕೊಡಿ.

ಇಂತಿ ತಮ್ಮ ವಿಶ್ವಾಸಿಗಳು,
ಅಧ್ಯಕ್ಷರು, ಕಾರ್ಯದರ್ಶಿ ಮತ್ತು ಪದಾಧಿಕಾರಿಗಳು
ಚಿತ್ರದುರ್ಗ