ರಘುಗೆ, ಮಯಾಮಿಯಿಂದ

ರಘು,

ಫೋನಲ್ಲಿ ಹೇಳೋಕೆ ಎರಡು ಸಲ ಬಾಯಿ ತೆಗೆದೆ, ಆಗಲಿಲ್ಲ. ನಾಲ್ಕು ಜನ ಓದ್ತಾರೆ ಅಂತಿದ್ರೆ ಅರ್ಧಕ್ಕೆ ನಿಲ್ಲಿಸಲ್ಲ, ಅದಕ್ಕೇ ಇಲ್ಲಿ ಬರೀತಿದೀನಿ. ಕೊಡೆ ವಿಷಯ ಎತ್ತಲ್ಲ, ಆಣೆ.

ಹೋದ ವಾರ ಇಲ್ಲಿನ ಡ್ರಗ್ ಕೋರ್ಟಿಗೆ ಹೋಗಿ ಹಿಂದಿನ ಸಾಲಲ್ಲಿ ಕೂತಿದ್ದೆ. ಅಮೆರಿಕದ ಮೊದಲ ಡ್ರಗ್ ಕೋರ್ಟ್ ಇದೇ ಊರಿಂದು, 1989ರದ್ದು. ಕ್ರ್ಯಾಕ್ ಕೊಕೇನ್ ಕಾಲ. ಜೈಲು ತುಂಬಿತ್ತು, ಬಿಟ್ಟವರೇ ತಿರುಗಿ ಬರ್ತಿದ್ರು. ಶಿಕ್ಷೆ ಬದಲು ಚಿಕಿತ್ಸೆ, ಆಗಾಗ ಮೂತ್ರ ಪರೀಕ್ಷೆ, ಮತ್ತೆ ಮತ್ತೆ ಅದೇ ಜಡ್ಜ್ ಮುಂದೆ ಹಾಜರಿ. ಪೂರ್ತಿ ಮುಗಿಸಿದರೆ ಕೇಸು ವಜಾ.

ಒಬ್ಬ ಎದ್ದು ನಿಂತು, ಶನಿವಾರ ಮತ್ತೆ ತಗೊಂಡೆ ಅಂದ. ಜಡ್ಜ್ ಬೈತಾರೆ ಅಂದುಕೊಂಡೆ. ನೀನೇ ಹೇಳಿದ್ದು ಒಳ್ಳೇದಾಯ್ತು ಅಂದ್ರು, ಅವನ ಮಗಳ ಹೆಸರು ಹಿಡಿದು ವಿಚಾರಿಸಿದ್ರು. ನನ್ನ ಗಂಟಲು ಕಟ್ಟಿತು.

ಮನೆಗೆ ಬಂದು ಓದಿದೆ. 154 ಅಧ್ಯಯನಗಳನ್ನ ಒಟ್ಟಿಗೆ ಇಟ್ಟು ನೋಡಿದ 2012ರ ಲೆಕ್ಕವೊಂದಿದೆ. ಬೇರೆಯವರಲ್ಲಿ ನೂರಕ್ಕೆ 50 ಜನ ಮತ್ತೆ ಅಪರಾಧಕ್ಕೆ ಇಳೀತಾರೆ ಅಂದ್ರೆ, ಡ್ರಗ್ ಕೋರ್ಟಿಗೆ ಬಂದ ವಯಸ್ಕರಲ್ಲಿ 38. ಹುಡುಗರ ಕೋರ್ಟುಗಳಲ್ಲಿ ಇಷ್ಟು ಫಲ ಕಾಣಲ್ಲ. ಮಧ್ಯದಲ್ಲಿ ಸೋತವರಿಗೆ ಕೆಲವು ಸಲ ಮೊದಲೇ ಜೈಲಿಗೆ ಹೋಗಿದ್ರೆ ಆಗ್ತಿದ್ದಕ್ಕಿಂತ ಹೆಚ್ಚು ಶಿಕ್ಷೆ, ಅದು ಅನ್ಯಾಯವೇ. ಆದರೂ 50ಕ್ಕೂ 38ಕ್ಕೂ ನಡುವಿನ ಆ 12 ಜನ ನನ್ನ ತಲೆಯಿಂದ ಇಳೀತಿಲ್ಲ.

ತಮ್ಮನ ಕೇಸಲ್ಲಿ ಲಾಯರ ಕೈಲಿ ಏನೂ ಆಗಲಿಲ್ಲ ಅಂತ ನಿನಗೆ ಹೇಳಿದ್ದೆನಲ್ಲ, ಅದು ಸುಳ್ಳು ಕಣೋ. ನಮ್ಮ ದೇಶದ ಮಾದಕ ವಸ್ತು ಕಾನೂನು, ಎನ್‌ಡಿಪಿಎಸ್ ಕಾಯ್ದೆ, ಅದರಲ್ಲಿ 39ನೇ ಸೆಕ್ಷನ್ ಇದೆ ಅಂತ ಅವರು ಬಿಡಿಸಿ ಹೇಳಿದ್ರು. ವ್ಯಸನಿ, ಸಿಕ್ಕಿದ ಮಾಲು ಸ್ವಲ್ಪ; ಅವನು ಒಪ್ಪಿದ್ರೆ, ಬಾಂಡ್ ಬರೆಸಿಕೊಂಡು ಕೋರ್ಟು ಚಿಕಿತ್ಸೆಗೆ ಬಿಡಬಹುದು, ವರ್ಷದೊಳಗೆ ವರದಿ ಕೊಡಬೇಕು. ಕೇಳಿ ನೋಡೋಣ ಅಂದ್ರು. ಬೇಡ ಅಂದವನು ನಾನು. "ಒಳಗೇ ಇರಲಿ ಸಾರ್, ಬುದ್ಧಿ ಬರುತ್ತೆ" ಅಂದೆ. ಬುದ್ಧಿಯ ಮಾತೇ ಅಲ್ಲ ಅದು. ಆಗ ನನ್ನ ಮದುವೆ ಮಾತುಕತೆ. ಅವನು ಮುಂಬೈಲಿ ಕೆಲಸದಲ್ಲಿದ್ದಾನೆ ಅಂತ ಬೀಗರಿಗೆ ಹೇಳಿಯಾಗಿತ್ತು. ಮನೆಗೆ ಬಂದ್ರೆ ಅವರ ಕಣ್ಣಿಗೆ ಬೀಳ್ತಾನೆ ಅನ್ನೋ ಭಯ.

ಹೊರಗೆ ಬಂದು ವರ್ಷ ತುಂಬೋದ್ರೊಳಗೆ ಮತ್ತೆ ಒಳಗೆ ಹೋದ. ಚಿಕಿತ್ಸೆ ಸಿಕ್ಕಿದ್ರೂ 38ರಲ್ಲೇ ಒಬ್ಬ ಆಗ್ತಿದ್ನೇನೋ. 12ರಲ್ಲಿ ಒಬ್ಬ ಆಗೋ ದಾರಿಗೆ ಅಡ್ಡ ನಿಂತವನು ಅಣ್ಣ.

ಇಷ್ಟೆಲ್ಲ ಬರೆಯೋಕೆ ಕೂತಿರಲಿಲ್ಲ. ಹಾಕಲಾ ಅಂತ ಅವನನ್ನೇ ಕೇಳಿದೆ. "ಹಾಕು" ಅಂದ, ಅಷ್ಟೇ.

ಸಾಕು ಬಿಡು. ಯುಗಾದಿಗೆ ಬರ್ತಿದೀನಿ. ಅಮ್ಮನಿಗೆ ಹೇಳು, ನನಗೆ ಅವರ ಕೈಯ ಹೋಳಿಗೆ ನಾಲ್ಕು, ಸಾರು ಬೇರೆ. ನೀನು ತಮ್ಮನಿಗೆ ಈಜು ಕಲಿಸಿದ್ಯಲ್ಲ, ಆ ಕೆರೇಲಿ ನೀರಿದೆಯಾ? ಅವನೂ ಬರ್ತಾನಂತೆ. ಸಂಜೆ ಏರಿ ಮೇಲೆ ಮೂರೂ ಜನ ಕೂರೋಣ. ಕೊಡೆ ತಗೊಂಡು ಬಾ.

ನಿನ್ನವನೇ