ಸಮೇಡನ್‌ನ ಕಿತ್ತಳೆ ಜಾಕೆಟ್ಟಿನ ಅಜ್ಜನಿಗೆ

ಸ್ವಿಟ್ಜರ್ಲೆಂಡಿನ ಸೇಂಟ್ ಮೊರಿಟ್ಸ್ ಪಕ್ಕದ ಸಮೇಡನ್ ವಿಮಾನ ನಿಲ್ದಾಣ, 1,707 ಮೀಟರ್ ಎತ್ತರ. ಮೂರು ದಿನ ಸ್ಕೀಯಿಂಗ್ ಮುಗಿಸಿ ಬಂದರೆ, ಬಯಲಲ್ಲಿ ನಿಂತಿದ್ದ ನಮ್ಮ ಪುಟ್ಟ ವಿಮಾನ ಸೆಸ್ನಾ 172ರ ರೆಕ್ಕೆಗಳ ಮೇಲೆ ಸಕ್ಕರೆ ಉದುರಿಸಿದ ಹಾಗೆ ಹೆಪ್ಪುಗಟ್ಟಿದ ಇಬ್ಬನಿ. ರೆಕ್ಕೆಯ ಎತ್ತುವ ಬಲ ಕೆಡಿಸಲು ಅಷ್ಟೇ ಸಾಕು. ನಾನು ಪೆದ್ದನ ಹಾಗೆ ಬ್ಯಾಂಕ್ ಕಾರ್ಡಿನಿಂದ ಕೆರೆಯುತ್ತಿದ್ದೆ. ನೀವು ಓಡಿಬಂದು ಕೈ ತಡೆದಿರಿ, ಮೆತ್ತನೆ ಬ್ರಷ್ ಕೊಟ್ಟಿರಿ. ಆಮೇಲೆ ಬಿಸಿಗಾಳಿಯ ಯಂತ್ರ ಎಳೆದುತಂದು, ಅದರ ಕೊಳವೆಯನ್ನು ಎಂಜಿನ್ ಮೂತಿಯೊಳಗೆ ತೂರಿಸಿ, ಮೇಲೆ ಹಳೇ ಕಂಬಳಿ ಹೊದಿಸಿದಿರಿ, ಥೇಟ್ ಬಾಣಂತಿಗೆ ಹೊದಿಸಿದ ಹಾಗೆ! ಗಟ್ಟಿಯಾಗಿದ್ದ ಆಯಿಲ್ ಸಡಿಲವಾಗಲು ಮುಕ್ಕಾಲು ಗಂಟೆ. ಅಷ್ಟೂ ಹೊತ್ತು ಆ ಚಳಿಯಲ್ಲಿ ಪಕ್ಕದಲ್ಲೇ ನಿಂತಿದ್ದಿರಿ. ದುಡ್ಡು ಕೊಡಹೋದರೆ ಬೇಡವೆಂದು ತಲೆಯಾಡಿಸಿದಿರಿ. ಹೆಸರು ಕೇಳಲಿಲ್ಲ, ತಪ್ಪು ನನ್ನದೇ. ಕನ್ನಡ ನಿಮಗೆ ಬಾರದು. ಆದರೂ ನನ್ನ ಭಾಷೆಯಲ್ಲೇ ಹೇಳುತ್ತೇನೆ, ತುಂಬಾ ಉಪಕಾರವಾಯಿತು ಅಜ್ಜಾ.